ಫೋಟೋ, ವಿಡಿಯೋ ಅಳತೆಯ ಅನುಪಾತ ನೋಡೋದು ಹೇಗೆ?

ಬೀದರ್_ಹುಡುಗ:
ಅಕ್ಕನ ಮದುವೆಗೆ 6 ಅಡಿ ಅಗಲ, 3 ಅಡಿ ಎತ್ತರದ ಫ್ಲೆಕ್ಸ್ ಮಾಡಿಸಿದೆ. ಫೋಟೋ 4000×3000 ಇತ್ತು. ಅಂಗಡಿಯವನು ಸುಮ್ನೆ ಎಳೆದು ಕೂರಿಸಿದ್ದಾನೆ, ಭಾವನ ಮುಖ ಜೋಳದ ರೊಟ್ಟಿ ಥರ ಅಗಲ ಆಗಿದೆ. ಮೊದಲೇ ಗೊತ್ತಾಗೋದು ಹೇಗೆ?

ಕಲಬುರಗಿ_ಸ್ಟುಡಿಯೋ:
ಅಗಲ, ಎತ್ತರ ಎರಡನ್ನೂ ಭಾಗಿಸೋ ದೊಡ್ಡ ಸಂಖ್ಯೆ ಹುಡುಕಿ. ನಿಮ್ಮದಕ್ಕೆ 1000, ಅಂದ್ರೆ 4:3. ಫ್ಲೆಕ್ಸ್ 2:1. ಎರಡೂ ಬೇರೆ ಅಲ್ವಾ? ಎಳೆಯೋ ಬದಲು ಎತ್ತರದಲ್ಲಿ 1000 ಪಿಕ್ಸೆಲ್ ಕತ್ತರಿಸಿ 4000×2000 ಮಾಡಬೇಕಿತ್ತು. ಮೂರನೇ ಒಂದು ಭಾಗ ಹೋಗುತ್ತೆ, ಪೇಟದ ಮೇಲೆ ಜಾಗ ಇಲ್ಲದಿದ್ರೆ ಕಷ್ಟಾನೇ. 1920×1080 ವಿಡಿಯೋಗೆ 120ರಿಂದ ಭಾಗಿಸಿದ್ರೆ 16:9.

ಬೀದರ್_ಹುಡುಗ:
ಥ್ಯಾಂಕ್ಸ್ ಅಣ್ಣಾ. ಆದ್ರೆ ಅಪ್ಪನ ಮದುವೆ ಕ್ಯಾಸೆಟ್‌ನಿಂದ ಮಾಡಿಸಿದ ಡಿವಿಡಿ 720×576 ಇದೆ. ಲೆಕ್ಕ 5:4 ಬರುತ್ತೆ, ಪ್ಲೇಯರ್ 4:3 ಅನ್ನುತ್ತೆ!

ಯಾದಗಿರಿ_ಎಡಿಟರ್:
ಪ್ಲೇಯರ್ ಹೇಳೋದೇ ಸರಿ. ಹಳೇ ಪಾಲ್ (PAL, ನಮ್ಮ ಕಡೆ ಟಿವಿ, ಕ್ಯಾಸೆಟ್‌ಗೆ ಬಳಸ್ತಿದ್ದ ಪದ್ಧತಿ) ವಿಡಿಯೋದಲ್ಲಿ ಪಿಕ್ಸೆಲ್ ಚೌಕ ಇರೋದಿಲ್ಲ, ಸ್ವಲ್ಪ ಅಗಲ ಇರುತ್ತೆ, ಅದಕ್ಕೇ ಕಂಪ್ಯೂಟರ್‌ನಲ್ಲಿ ಸುಮಾರು 768×576 ಅಂತ ತೋರಿಸಿದ್ರೆ ಮಾತ್ರ ಮುಖ ಸರಿಯಾಗಿ ಕಾಣುತ್ತೆ. ಮೀಡಿಯಾಇನ್ಫೋ ಅನ್ನೋ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದು 'ಡಿಸ್ಪ್ಲೇ ಆಸ್ಪೆಕ್ಟ್ ರೇಷಿಯೋ' ಸಾಲು ನೋಡಿ, ಪುಕ್ಕಟೆ ಸಿಗುತ್ತೆ.
ಇನ್ನೊಂದು, ಮೊಬೈಲ್ ನೆಟ್ಟಗೆ ಹಿಡಿದು ನಿಮ್ಮೂರ ಗವಾನ್ ಮದರಸಾದ ಮಿನಾರ್ ಶೂಟ್ ಮಾಡಿದ್ರೂ ಎಷ್ಟೋ ಸಲ ಫೈಲ್‌ನಲ್ಲಿ 1920×1080 ಅಂತಲೇ ಇರುತ್ತೆ. ಜೊತೆಗೆ '90 ಡಿಗ್ರಿ ತಿರುಗಿಸು' ಅನ್ನೋ ಗುರುತು ಇರುತ್ತೆ. ಆಗ ನೋಡೋಕೆ ಅದು 9:16.

ಬೀದರ್_ಹುಡುಗ:
ಹೌದ್ರೀ, 4:3 ಅಂತಲೇ ಇದೆ. ಫ್ಲೆಕ್ಸ್ ನಾಳೆ ಮತ್ತೆ ಮಾಡಿಸ್ತೀನಿ, ಭಾವ ಇನ್ನೂ ನೋಡಿಲ್ಲ.