ಮಾರುಕಟ್ಟೆ ಕೋಳಿಯ ಹಿಕ್ಕೆಯಲ್ಲಿ ರಕ್ತ: ಜಂತುಹುಳವೋ, ಕಾಕ್ಸಿಡಿಯಾವೋ?

ಮುಂಗೋಳಿ: ಮಾರುಕಟ್ಟೆಯಿಂದ ತಂದ ಕೋಳಿ ರಕ್ತದ ಹಿಕ್ಕೆ ಹಾಕಿದರೆ ಜನ ಮೊದಲು ಕೊಡುವುದೇ ಜಂತುಹುಳದ ಔಷಧ. ದಂಡ. ರಕ್ತ ಕಂಡಿತೆಂದರೆ ಕಾಕ್ಸಿಡಿಯೋಸಿಸ್. ಕರುಳಿನಲ್ಲಿ ಬೆಳೆಯುವ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರೋಪಜೀವಿಯ ರೋಗ ಅದು. ಅದಕ್ಕೆ ಔಷಧ 20% ಆಂಪ್ರೋಲಿಯಂ ಪುಡಿ, ಲೀಟರ್ ನೀರಿಗೆ 1.2 ಗ್ರಾಂ, 5 ದಿನ. ಆಮೇಲೆ 0.3 ಗ್ರಾಂ, ಒಂದು ವಾರ. ಜೊತೆಗೆ ಬಿ-ಕಾಂಪ್ಲೆಕ್ಸ್ ಹಾಕಿ, ಮೇವು ಮುಟ್ಟುತ್ತವೆ.

ಕರುಳುಗನ್ನಡಿ: "ರಕ್ತ ಕಂಡಿತೆಂದರೆ ಕಾಕ್ಸಿಡಿಯೋಸಿಸ್" ಅಂತೆ! ಕಿತ್ತಳೆ-ಗುಲಾಬಿ ಬಣ್ಣದ ಲೋಳೆ ಎಷ್ಟೋ ಸಲ ಉದುರಿದ ಕರುಳಿನ ಒಳಪೊರೆ, ರಕ್ತವೇ ಅಲ್ಲ. ಅದೂ ಅಲ್ಲದೆ ಕಾಕ್ಸಿಡಿಯಾದಲ್ಲೇ ಒಂದು ಜಾತಿ, ಐಮೀರಿಯಾ ಅಸೆರ್ವುಲಿನಾ, ರಕ್ತವನ್ನೇ ತೋರಿಸದೆ ಡುಯೋಡಿನಂನಲ್ಲಿ (ಸಣ್ಣಕರುಳಿನ ಮೊದಲ ಭಾಗ) ಅಡ್ಡಡ್ಡ ಬಿಳಿ ಗೆರೆ ಎಳೆದು ತೂಕ ಇಳಿಸುತ್ತದೆ. ಸತ್ತದ್ದನ್ನು ಸೀಳಿ ನೋಡಿ. ಕುರುಡುಕರುಳು ಊದಿ ಒಳಗೆ ರಕ್ತಗಡ್ಡೆ ಇದ್ದರೆ ಐಮೀರಿಯಾದ ಇನ್ನೊಂದು ಜಾತಿ, ಟೆನೆಲ್ಲಾ. ಸಣ್ಣಕರುಳಿನ ನಡುಭಾಗ ಉಬ್ಬಿ, ಹೊರಗಿನಿಂದಲೇ ಕೆಂಪು-ಬಿಳಿ ಚುಕ್ಕೆ ಕಂಡರೆ ಮತ್ತೊಂದು ಜಾತಿ, ನೆಕಾಟ್ರಿಕ್ಸ್.

ಹಿಕ್ಕೆಲೆಕ್ಕ: "ಸತ್ತದ್ದನ್ನು ಸೀಳಿ" ಎನ್ನಲು ಸಾಯುವವರೆಗೆ ಕಾಯಬೇಕಾ? 3 ಗ್ರಾಂ ಹಿಕ್ಕೆಯನ್ನು 45 ಮಿಲಿ ಗಟ್ಟಿ ಉಪ್ಪುನೀರಿನಲ್ಲಿ ಕದಡಿ, ಸೋಸಿ, ಟ್ಯೂಬಿನ ಅಂಚಿನವರೆಗೆ ತುಂಬಿ ಕವರ್‌ಸ್ಲಿಪ್ ಇಡಿ. 20 ನಿಮಿಷಕ್ಕೆ ಊಸಿಸ್ಟ್ (ಹಿಕ್ಕೆಯಲ್ಲಿ ಹೊರಬೀಳುವ ಕಾಕ್ಸಿಡಿಯಾದ ಮೊಟ್ಟೆಯಂಥ ಕೋಶ) ಇದ್ದರೆ ತೇಲಿ ಬರುತ್ತವೆ, ಹುಳದ ಮೊಟ್ಟೆಯೂ ಬರುತ್ತದೆ; ಕವರ್‌ಸ್ಲಿಪ್ ಎತ್ತಿ ಸ್ಲೈಡ್ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಬರಲಿಲ್ಲವೆಂದರೆ ಕಾಕ್ಸಿಡಿಯಾ ಇಲ್ಲ, ಮುಗೀತು.

ಕರುಳುಗನ್ನಡಿ: "ಮುಗೀತು"?! ಟೆನೆಲ್ಲಾದಲ್ಲಿ ಸೋಂಕು ತಗುಲಿದ 5ನೇ ದಿನದ ಹೊತ್ತಿಗೇ ರಕ್ತ ಸುರಿಯುತ್ತದೆ, ಊಸಿಸ್ಟ್ ಧಾರಾಳವಾಗಿ ಹೊರಬೀಳುವುದು ಅದರ ನಂತರ. ನಿಮ್ಮ ಸ್ಲೈಡ್ ಖಾಲಿ, ಕೋಳಿಯೂ ಖಾಲಿ.

ಥಯಮಿನ್: ಅದೆಲ್ಲ ಇರಲಿ. ಮೇಲೆ "ಜೊತೆಗೆ ಬಿ-ಕಾಂಪ್ಲೆಕ್ಸ್" ಎಂದು ಬರೆದದ್ದು ಯಾರ ಕಣ್ಣಿಗೂ ಬೀಳಲಿಲ್ಲವೇ? ಆಂಪ್ರೋಲಿಯಂ ಕೆಲಸ ಮಾಡುವುದೇ ಬಿ-ಕಾಂಪ್ಲೆಕ್ಸ್‌ನಲ್ಲಿರುವ ವಿಟಮಿನ್ ಬಿ1ರ (ಥಯಮಿನ್) ವೇಷ ಹಾಕಿ. ಪರೋಪಜೀವಿ ಬಿ1 ಹೀರದಂತೆ ಅದು ದಾರಿ ಕಟ್ಟುತ್ತದೆ. ನೀವೇ ನೀರಿಗೆ ಬಿ1 ಸುರಿದರೆ ಔಷಧ ನೀರುಪಾಲು.

ಮುಂಗೋಳಿ: ಹಾಗಾದರೆ ಮೇವಿನಲ್ಲೇ ಬಿ1 ಇದೆಯಲ್ಲ ಸ್ವಾಮಿ, ಔಷಧ ಯಾಕೆ ಸೋಲುವುದಿಲ್ಲ?

ಥಯಮಿನ್: ಪ್ರಮಾಣ ನೋಡಿ ಸ್ವಾಮಿ! ಮೇವಿನಲ್ಲಿ ಕಿಲೋಗೆ ಕೆಲವೇ ಮಿಲಿಗ್ರಾಂ. ನಿಮ್ಮ 1.2 ಗ್ರಾಂ ಪುಡಿಯಿಂದ ಲೀಟರಿಗೆ 240 ಮಿಲಿಗ್ರಾಂ ಆಂಪ್ರೋಲಿಯಂ. ಆ ಅಂತರವೇ ಔಷಧದ ಬಲ.

ಮುಂಗೋಳಿ: ಆಂಪ್ರೋಲಿಯಂ ಹೆಚ್ಚಾಗಿ ಕತ್ತು ತಿರುಚಿದ ಕೋಳಿಗೆ ಬಿ1 ಕೊಡಿ ಎಂದು ಎಲ್ಲ ಪುಸ್ತಕದಲ್ಲೂ ಇದೆ. ಬಿ1 ಅಷ್ಟು ಕೆಟ್ಟದ್ದಾದರೆ ಹಾಗೇಕೆ ಬರೆಯುತ್ತಾರೆ?

ಥಯಮಿನ್: ಅದೇ ನನ್ನ ಪುರಾವೆ! ಬಿ1 ಔಷಧದ ಪರಿಣಾಮ ಕಳೆಯುತ್ತದೆ ಎಂದೇ ಕೊಡುವುದು. ಓದಿದ್ದು ಒಂದು, ಹೇಳುವುದು ಇನ್ನೊಂದು. ಚಿಕಿತ್ಸೆ ನಡೆಯುವಾಗ ವಿಟಮಿನ್ ಎ, ಕೆ ಕೊಡಿ, ಯಾರೂ ಬೇಡ ಅನ್ನಲ್ಲ.

ಹಿಕ್ಕೆಲೆಕ್ಕ: "ವಿಟಮಿನ್ ಕೆ" ಕೊಟ್ಟು ಒದ್ದೆ ಹಾಸಿನ ಮೇಲೆ ಬಿಟ್ಟರೆ ಏನು ಬಂತು? ಬೆಚ್ಚಗಿನ ತೇವದಲ್ಲಿ ಒಂದೆರಡು ದಿನಕ್ಕೇ ಊಸಿಸ್ಟ್ ಸೋಂಕು ಹರಡಲು ಸಿದ್ಧ. ಮಾರುಕಟ್ಟೆಯಲ್ಲಿ ಹತ್ತು ಕಡೆಯ ಹಕ್ಕಿ ಒಂದೇ ಪಂಜರದಲ್ಲಿ, ಮೇಲಿನವುಗಳ ಹಿಕ್ಕೆ ಕೆಳಗಿನವುಗಳ ನೀರಿಗೆ. ತಂದವನ್ನು ಎರಡು ವಾರ ಜಾಲರಿ ನೆಲದ ಮೇಲೆ ಬೇರೆ ಇಡಿ.

ಹೊಸಬ: ಅಂಥ ಕೋಳಿಯ ಮಾಂಸ ತಿಂದರೆ ನಮಗೂ ಬರುತ್ತಾ?

ಕರುಳುಗನ್ನಡಿ: ಕೋಳಿಯ ಐಮೀರಿಯಾ ಮನುಷ್ಯರಿಗೆ ತಗುಲುವುದಿಲ್ಲ. ಕರುಳು ಒಡೆದು ಮಾಂಸಕ್ಕೆ ಮೆತ್ತಿದರೆ ಭಯ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ್ದು. ಚೆನ್ನಾಗಿ ಬೇಯಿಸಿ. ಔಷಧ ಕುಡಿಸಿದ ಕೋಳಿಯನ್ನು ಲೇಬಲ್‌ನಲ್ಲಿರುವ ಅವಧಿ ಮುಗಿಯದೆ ಕೊಯ್ಯಬೇಡಿ.

ಲಿಟರ್‌ಗುರು: ಎರಡು ವಾರದ "ಬೇರೆ ಇಡಿ" ಕಾಕ್ಸಿಡಿಯಾಗೆ ಸರಿ. ಅಸ್ಕರಿಡಿಯಾ ದುಂಡುಹುಳ ಬಲಿತು ಮೊಟ್ಟೆ ಹಾಕಲು 5ರಿಂದ 8 ವಾರ ಬೇಕು, ಅಲ್ಲಿಯವರೆಗೆ ಹಿಕ್ಕೆ ಪರೀಕ್ಷೆಯಲ್ಲಿ ಸಿಗುವುದೇ ಇಲ್ಲ. ಅದಕ್ಕೆ ಜಂತುಹುಳದ ಔಷಧ ಫೆನ್‌ಬೆಂಡಜೋಲ್, ಕಿಲೋ ತೂಕಕ್ಕೆ 1 ಮಿಲಿಗ್ರಾಂ, ನೀರಿನಲ್ಲಿ 5 ದಿನ. ಇನ್ನೊಂದು ಜಂತುಹುಳದ ಔಷಧ ಪೈಪರಜಿನ್ ಲಾಡಿಹುಳಕ್ಕೆ ತಾಗಲ್ಲ. ಖಾಲಿ ಪಂಜರಕ್ಕೆ ಫೀನೈಲ್ ಸುರಿಯುವುದನ್ನೂ ಬಿಡಿ, ಊಸಿಸ್ಟ್‌ನ ಗೋಡೆ ಅದಕ್ಕೆ ಜಗ್ಗಲ್ಲ. 10% ಅಮೋನಿಯಾ ಇಲ್ಲವೇ ಬೆಂಕಿ.

ಮುಂಗೋಳಿ: "ಜಂತುಹುಳದ ಔಷಧ ದಂಡ" ಎಂದು ನಾನು ಹೇಳಿದ್ದು ರಕ್ತಕ್ಕೆ. ಬಿ-ಕಾಂಪ್ಲೆಕ್ಸ್ 6ನೇ ದಿನದಿಂದ ಕೊಡಿ ಹಾಗಾದರೆ, ನನಗೇನು.

ಥಯಮಿನ್: 6ನೇ ದಿನವೂ ನಿಮ್ಮದೇ 0.3 ಗ್ರಾಂ ನಡೆಯುತ್ತಿರುತ್ತದೆ!