ಸಹಾಯ ಬೇಕು: ಮಗನ ಆತಂಕಕ್ಕೆ ವಿಡಿಯೋ ಗೇಮ್ ಆಸರೆಯಾ, ಅಡ್ಡಿಯಾ?

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ವರ್ಷವಾಯಿತು. ಮಗನಿಗೆ 10 ವರ್ಷ. ಶಾಲೆಯಲ್ಲಿ ಅವನ ಹಿಂದಿ ಕೇಳಿ ಮಕ್ಕಳು ನಕ್ಕರು. ಅಂದಿನಿಂದ ಬಾಯಿ ಬಿಡುವುದೇ ಕಡಿಮೆ. ಬೆಳಗ್ಗೆ ಯೂನಿಫಾರ್ಮ್ ಹಾಕುವಾಗಲೇ ಹೊಟ್ಟೆನೋವು ಶುರು.

ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ, ಇದು ಆತಂಕ ಅಂದರು ಡಾಕ್ಟರ್. ನಾಲ್ಕು ಸಲ ಕೌನ್ಸೆಲಿಂಗ್‌ಗೆ ಹೋದೆವು, ಅಲ್ಲೂ ತಲೆ ತಗ್ಗಿಸಿ ಕೂತ. ಕ್ರಿಕೆಟ್ ಕೋಚಿಂಗ್, ಡ್ರಾಯಿಂಗ್ ಕ್ಲಾಸು ಎರಡೂ ಆಯಿತು.

ಅವನು ಮಾತಾಡುವುದು ಮೈನ್‌ಕ್ರಾಫ್ಟ್ (ಬ್ಲಾಕ್ ಜೋಡಿಸಿ ಬೇಕಾದ್ದು ಕಟ್ಟುವ ವಿಡಿಯೋ ಗೇಮ್) ಆಡುವಾಗ ಮಾತ್ರ. ಮೊನ್ನೆ ಪಕ್ಕದಲ್ಲೇ ಕೂತಿದ್ದೆ. ಅದರಲ್ಲಿ ಅಜ್ಜಿಯ ಮನೆ ಕಟ್ಟುತ್ತಿದ್ದ, ಮುಂದಿನ ಕಟ್ಟೆ, ಹಿತ್ತಲ ಬಾವಿ ಸಮೇತ. "ಅಮ್ಮಾ, ಇಲ್ಲಿ ಯಾರೂ ನನ್ನ ನೋಡಿ ನಗಂಗಿಲ್ಲ" ಅಂದ. ನನ್ನ ಕಣ್ಣು ತುಂಬಿ ಬಂತು. ಆದರೆ ಅರ್ಧ ಗಂಟೆಯಾಯಿತು ಅಂತ ಟ್ಯಾಬ್ ತೆಗೆದುಕೊಂಡರೆ ಅಳು, ಊಟವೂ ಬೇಡ. ಪೂರ್ತಿ ನಿಲ್ಲಿಸು ಅನ್ನುತ್ತಾರೆ ಅವರಪ್ಪ.

ಚಿಕಿತ್ಸೆಗೆಂದೇ ಮಾಡಿದ ಗೇಮ್‌ಗಳ ಬಗ್ಗೆ ಸ್ವಲ್ಪ ಓದಿಯೂ ನೋಡಿದೆ. ನ್ಯೂಜಿಲೆಂಡ್‌ನ ಸ್ಪಾರ್ಕ್ಸ್ ಗೇಮ್ ಖಿನ್ನತೆ ಇರುವ ಹದಿಹರೆಯದವರಿಗೆ. ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕ ಎಂಡೆವರ್‌ಆರ್‌ಎಕ್ಸ್ ಗೇಮ್, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಿಗೆ. ಎರಡೂ ನಮ್ಮವನಿಗೆ ಹೊಂದುವುದಿಲ್ಲ, ಅಲ್ವಾ? ಗೇಮಿಂಗ್ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ ಅಂತ ಓದಿದ ಮೇಲೆ ಭಯ ಇನ್ನೂ ಜಾಸ್ತಿಯಾಗಿದೆ. ಗೇಮ್ ಅವನನ್ನು ಹಗುರ ಮಾಡುತ್ತಿದೆಯಾ, ಇಲ್ಲಾ ಅದರೊಳಗೆ ಅಡಗಿ ಕೂರುತ್ತಿದ್ದಾನಾ, ನನಗೆ ತಿಳಿಯುತ್ತಿಲ್ಲ.

ಆತಂಕ ಇರುವ ಮಗುವಿಗೆ ಕೌನ್ಸೆಲಿಂಗ್ ಜೊತೆ ಗೇಮ್ ಬಳಸಿದವರು ಇದ್ದೀರಾ? ಅಳಿಸದೆ ಆಟ ನಿಲ್ಲಿಸಿದ್ದು ಹೇಗೆ? ಠಾಣೆ, ಕಲ್ಯಾಣ್ ಕಡೆ ಕನ್ನಡ ಮಾತಾಡುವ ಮಕ್ಕಳ ಮನೋತಜ್ಞರು ಯಾರಾದರೂ ಇದ್ದಾರಾ?