ತೋಟದ ಧರೆಯಲ್ಲಿ ಕಡಜದ ಗೂಡು, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ತೋಟಕ್ಕೆ ಇಳಿಯುವ ದಾರಿಯ ಧರೆಯಲ್ಲಿ (ಪಕ್ಕದ ಮಣ್ಣಿನ ದಿಬ್ಬದಲ್ಲಿ) ಕಡಜದ ಹುಳಗಳು ಮಣ್ಣೊಳಗೆ ಗೂಡು ಮಾಡಿವೆ. ಮುಷ್ಟಿ ಗಾತ್ರದ ತೂತು, ಬಾಯಲ್ಲಿ ಯಾವಾಗಲೂ ಎರಡು ಮೂರು ಹುಳ. ಕಪ್ಪು ಮೈ, ಹೊಟ್ಟೆಯ ಮೇಲೆ ದಪ್ಪ ಹಳದಿ ಪಟ್ಟಿ. ಮೊನ್ನೆ ಸೊಪ್ಪಿಗೆ ಹೋದ ಅಪ್ಪನಿಗೆ ನಾಲ್ಕು ಕಡೆ ಕಚ್ಚಿದವು. ಜೇನಿನ ಹಾಗೆ ಒಮ್ಮೆ ಚುಚ್ಚಿ ಸಾಯುವ ಹುಳ ಅಲ್ವಲ್ಲ, ಮತ್ತೆ ಮತ್ತೆ ಚುಚ್ಚುತ್ತವೆ. ಕೈ ಬಾತು ಎರಡು ದಿನ ತುತ್ತು ಎತ್ತಲಾಗಲಿಲ್ಲ. ಉಸಿರಿಗೆ ತೊಂದರೆ ಆಗಲಿಲ್ಲ, ಅದೇ ಪುಣ್ಯ.

ರಾತ್ರಿ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿ ಅಂತಾರೆ ಅಕ್ಕಪಕ್ಕದವರು. ಕೆಳಗೇ ಕುಡಿಯುವ ನೀರಿನ ಬಾವಿ, ಸುತ್ತ ದರಕು (ಒಣಗಿದ ಎಲೆ). ಅದು ಬೇಡವೇ ಬೇಡ. ಇನ್ನು 15 ದಿನಕ್ಕೆ ಅಡಿಕೆ ಕೊನೆಕೊಯ್ಲು, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರು ಅದೇ ದಾರಿಯಲ್ಲಿ ಓಡಾಡಬೇಕು. ಮಣ್ಣಿನ ಗೂಡು ತೆಗೆದು ಅನುಭವ ಇರುವವರು ಶಿರಸಿ, ಸಿದ್ದಾಪುರ ಕಡೆ ಇದ್ದರೆ ದಯವಿಟ್ಟು ತಿಳಿಸಿ. ಕೂಲಿ, ಬಂದುಹೋಗುವ ಖರ್ಚು ನಾನೇ ಕೊಡುತ್ತೇನೆ.